ನಲವತ್ತೊಂದನೆಯ ಕಣ

ಫೆಬ್ರವರಿಯ ಒಂದು ಮಂಗಳವಾರ ಬೆಳಗ್ಗೆ, ತನಗೆ ಹೆಸರು ತಂದುಕೊಟ್ಟ ಕಣ ಚಂದ್ರನದಲ್ಲ ಎಂದು ಚಂದ್ರಹಾಸನಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಅವನು ಯಂತ್ರ ಆರಿಸಿ, ಕೋಣೆಗೆ ಬೀಗ ಹಾಕಿ, ಕ್ಯಾಂಟೀನಿಗೆ ಹೋಗಿ ಎರಡು ಇಡ್ಲಿ ತಿಂದ. ಹನ್ನೊಂದು ಗಂಟೆಗೆ ಇಡ್ಲಿ ತಿನ್ನುವುದು ಅವನ ರೂಢಿ. ಚಟ್ನಿ ಸ್ವಲ್ಪ ಹುಳಿಯಾಗಿದೆ ಎಂದು ಕೂಡ ಅನ್ನಿಸಿತು.

ಚಂದ್ರಹಾಸ ಹಿರಿಯೂರಿನ ಕಡೆಯವನು. ಸಂಶೋಧನೆ ಮಾಡಲು ವಿಶಾಖಪಟ್ಟಣಕ್ಕೆ ಬಂದ. ಮೂರು ವರ್ಷಕ್ಕೆಂದು ಬಂದವನು ಮೂವತ್ತನಾಲ್ಕು ವರ್ಷ ಅಲ್ಲೇ ಉಳಿದು, ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಮೇಷ್ಟ್ರಾದ. ಅವನು ಹಿಡಿದುಕೊಂಡದ್ದು ವಿಜಯವಾಡದ ಪಕ್ಕದ ಕೊಂಡಪಲ್ಲಿ ಗುಡ್ಡಗಳನ್ನು. ಕೊಂಡಪಲ್ಲಿ ಎಂದರೆ ಜನಕ್ಕೆ ಮರದ ಬೊಂಬೆ ನೆನಪಾಗುತ್ತದೆ. ಚಂದ್ರಹಾಸನಿಗೆ ನೆನಪಾಗುವುದು ಅನಾರ್ಥೊಸೈಟ್ ಎಂಬ ಬಿಳಿಬೂದು ಕಲ್ಲು. ನಾವು ಅಂಗಳದಲ್ಲಿ ನಿಂತು ನೋಡಿದಾಗ ಚಂದ್ರನಲ್ಲಿ ಬೆಳ್ಳಗೆ ಕಾಣುವ ಭಾಗವೆಲ್ಲ ಇದೇ ಜಾತಿಯ ಕಲ್ಲು. ಭೂಮಿಯ ಮೇಲೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಸಿಗುತ್ತದೆ. ಇಪ್ಪತ್ತು ವರ್ಷ ಕೊಂಡಪಲ್ಲಿಯ ಕಲ್ಲು ಒಡೆದ ಮೇಲೆ, ಹೋಲಿಸಿ ನೋಡಲು ಚಂದ್ರನ ಮಣ್ಣೇ ಬೇಕೆಂದು ಅವನು ಅರ್ಜಿ ಹಾಕಿದ. ಎರಡು ವರ್ಷ ಕಾಗದಪತ್ರಗಳು ಓಡಾಡಿದವು. ಕೊನೆಗೆ ಮೂರು ಗ್ರಾಂ ಮಣ್ಣು ಸಣ್ಣ ಗಾಜಿನ ಶೀಶೆಯಲ್ಲಿ ಅಮೆರಿಕದಿಂದ ಎರವಲಾಗಿ ಬಂತು. ನೋಡುವುದಕ್ಕೆ ಸೌದೆ ಒಲೆಯ ಬೂದಿಯ ಹಾಗಿತ್ತು.

ಅವನ ಪ್ರಯೋಗಾಲಯದಲ್ಲಿ ಎರಡು ಮೇಜುಗಳಿದ್ದವು. ಬಲಗಡೆಯದು ಭೂಮಿಯ ಕಲ್ಲಿಗೆ, ಎಡಗಡೆಯದು ಚಂದ್ರನ ಮಣ್ಣಿಗೆ. ಎಡಗಡೆಯ ಚಿಮಟ, ಕುಂಚ, ಬಟ್ಟಲು ಯಾವುದೂ ಬಲಗಡೆಗೆ ಹೋಗಬಾರದು, ಅಲ್ಲಿಯದು ಇಲ್ಲಿಗೆ ಬರಬಾರದು. ಈ ನಿಯಮವನ್ನು ಅವನೇ ಬರೆದು ಗೋಡೆಗೆ ಅಂಟಿಸಿದ್ದ.

ಹೆಂಡತಿ ಪ್ರಫುಲ್ಲಾ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದಳು. ಬಡ್ತಿಯ ಜೊತೆಗೆ ವಿಜಯವಾಡಕ್ಕೆ ವರ್ಗವಾದಾಗ ಇಬ್ಬರೂ ಹೆಚ್ಚೇನೂ ಯೋಚಿಸಲಿಲ್ಲ. ಅವನಿಗೆ ಹೇಗೂ ಕೊಂಡಪಲ್ಲಿಯ ಕೆಲಸವಿತ್ತು. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ರೈಲು ಹತ್ತಿ ಹೋಗುವನು. ಶನಿವಾರ ಅವಳಿಗೆ ರಜೆಯಿದ್ದರೆ ಇಬ್ಬರೂ ಆಟೋದಲ್ಲಿ ಗುಡ್ಡದ ಬುಡಕ್ಕೆ ಹೋಗುವರು. ಅವನು ಸುತ್ತಿಗೆಯಲ್ಲಿ ಕಲ್ಲು ಒಡೆಯುತ್ತಿದ್ದರೆ ಅವಳು ಕೊಡೆ ಹಿಡಿದು ಪಕ್ಕದಲ್ಲಿ ನಿಲ್ಲುವಳು.

"ರೀ, ಈ ಕಲ್ಲಿಗೂ ಹೋದ ಸಲ ತಂದಿದ್ದಕ್ಕೂ ಏನು ವ್ಯತ್ಯಾಸ?" ಎಂದು ಒಮ್ಮೆ ಕೇಳಿದ್ದಳು.

"ಏನೂ ಇಲ್ಲ. ಎರಡೂ ಒಂದೇ."

"ಮತ್ತೆ ಯಾಕ್ರೀ ಹೊರೋದು?"

"ಒಂದೇ ಅನ್ನೋದು ಖಾತ್ರಿ ಆಗಬೇಕಲ್ಲ."

"ಹೀಗೆ ಸಾಲ ಕೊಟ್ಟರೆ ನಮ್ಮ ಬ್ಯಾಂಕು ಮುಚ್ಚಬೇಕಾಗುತ್ತೆ" ಎಂದು ಅವಳು ನಕ್ಕಿದ್ದಳು.

ಎರಡು ಸಾವಿರದ ಹದಿನಾರರ ಆಗಸ್ಟಿನಲ್ಲಿ ಪ್ರಫುಲ್ಲಾ ಬ್ಯಾಂಕಿನಲ್ಲಿ ಕೂತಲ್ಲೇ ಕುಸಿದಳು. ಎರಡು ದಿನದಿಂದ ತಲೆನೋವು ಎನ್ನುತ್ತಿದ್ದಳಂತೆ. ಮೆದುಳಿನಲ್ಲಿ ರಕ್ತಸ್ರಾವ. ಫೋನ್ ಬಂದಾಗ ಚಂದ್ರಹಾಸ ತರಗತಿಯಲ್ಲಿದ್ದ. ಆಗ ಕೃಷ್ಣಾ ನದಿಯಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬರುವ ಪುಷ್ಕರ ಸ್ನಾನ ನಡೆಯುತ್ತಿತ್ತು. ವಿಜಯವಾಡಕ್ಕೆ ಹೋಗುವ ರೈಲುಗಳಲ್ಲೆಲ್ಲ ನದಿಯ ನೀರು ತುಂಬಿಕೊಳ್ಳಲು ಖಾಲಿ ಕ್ಯಾನು ಹಿಡಿದ ಜನ. ಅವನು ಬಾಗಿಲ ಬಳಿ ಏಳು ಗಂಟೆ ನಿಂತೇ ಹೋದ. ಪ್ಲಾಟ್‌ಫಾರ್ಮಿನಲ್ಲಿ ಬ್ಯಾಂಕಿನವರೊಬ್ಬರು ಕಾಯುತ್ತಿದ್ದರು. ಅವರು ಅವನ ಕೈಯಿಂದ ಚೀಲ ತೆಗೆದುಕೊಂಡರು. ಆ ತೆಗೆದುಕೊಂಡ ರೀತಿಯಲ್ಲೇ ಅವನಿಗೆ ವಿಷಯ ತಿಳಿಯಿತು.

ಅವನು ಅಳಲಿಲ್ಲ. ಹದಿಮೂರು ದಿನದ ಕರ್ಮಗಳನ್ನು ಪುರೋಹಿತರು ಹೇಳಿದ ಹಾಗೆ ಮಾಡಿ ಮುಗಿಸಿದ. ಹದಿನಾಲ್ಕನೆಯ ದಿನ ಪ್ರಯೋಗಾಲಯಕ್ಕೆ ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂತು ಚಂದ್ರನ ಮಣ್ಣಿನಿಂದ ಒಂದೊಂದೇ ಕಣ ಆರಿಸತೊಡಗಿದ. ಆ ಮಧ್ಯಾಹ್ನ ಸಿಕ್ಕಿದ್ದು ನಲವತ್ತೊಂದನೆಯ ಕಣ. ರಾಗಿ ಕಾಳಿನ ಕಾಲು ಭಾಗವೂ ಇಲ್ಲದ ಬಿಳಿಯ ಚೂರು, ಒಳಗೆ ಕೆಂಪು ಛಾಯೆಯ ಸ್ಪಿನೆಲ್ ಎಂಬ ಖನಿಜ. ಅಂಥ ಜೋಡಣೆ ಚಂದ್ರನ ಮೇಲ್ಪದರದಲ್ಲಿ ಹುಟ್ಟುವುದು ಕಷ್ಟ. ಹಾಗಾದರೆ ಇದು ಬಹಳ ಆಳದಿಂದ ಬಂದಿರಬೇಕು, ಯಾವುದೋ ಉಲ್ಕೆ ಬಡಿದು ಮೇಲಕ್ಕೆ ಚಿಮ್ಮಿರಬೇಕು ಎಂದು ಅವನು ಬರೆದ. ಆಗ ಅವನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಭ್ರಮರಾಂಬ ಎರಡನೆಯ ಲೇಖಕಿ. ಲೇಖನದ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದ: ಕೊಂಡಪಲ್ಲಿಯಲ್ಲಿ ಕೊಡೆ ಹಿಡಿದ ಪ್ರಫುಲ್ಲಾಳಿಗೆ.

ಆ ಲೇಖನ ಅವನನ್ನು ಊರೂರು ಸುತ್ತಿಸಿತು. ಪ್ರಶಸ್ತಿ ಬಂತು, ಸಮಿತಿಗಳಲ್ಲಿ ಕುರ್ಚಿ ಬಂತು. ಹೆಂಡತಿ ತೀರಿಕೊಂಡ ಎರಡೇ ವಾರಕ್ಕೆ ಈ ಶೋಧ ಮಾಡಿದರು ಎಂದು ಸ್ವಾಗತ ಭಾಷಣದವರು ತಪ್ಪದೆ ಹೇಳುತ್ತಿದ್ದರು. ಅವನು ಬೇರೆ ಯಾರದೋ ಸುದ್ದಿ ಕೇಳಿದಂತೆ ಕೂತಿರುತ್ತಿದ್ದ. ಹಲ್ಲು ಕೀಳುವ ಮೊದಲು ಚುಚ್ಚುವ ಮದ್ದು ಇಳಿಯದೇ ಉಳಿದುಬಿಟ್ಟರೆ ಹೇಗೋ ಹಾಗಿತ್ತು ಅವನ ಸ್ಥಿತಿ. ಬೆರಳಿಗೆ ಕೆನ್ನೆ ಗೊತ್ತಾಗುತ್ತದೆ, ಕೆನ್ನೆಗೆ ಬೆರಳು ಗೊತ್ತಾಗುವುದಿಲ್ಲ.

ಮಗಳು ಪ್ರತೀಕ್ಷಾ ಫಿಸಿಯೊಥೆರಪಿಸ್ಟ್. ಅವನ ಜೊತೆಯಲ್ಲೇ ಇದ್ದಾಳೆ. ವಿಶಾಖಪಟ್ಟಣದಲ್ಲೇ ಹುಟ್ಟಿ ಬೆಳೆದವಳು, ತೆಲುಗೇ ಅವಳಿಗೆ ಸಲೀಸು. ಅಮ್ಮನಿರುವ ತನಕ ದಿನವೂ ಫೋನಿನಲ್ಲಿ ಕನ್ನಡದ ಹರಟೆ ನಡೆಯುತ್ತಿತ್ತು. ಈಗ ಮನೆಯೊಳಗೆ ಕನ್ನಡವೆಂದರೆ ಊಟ ಆಯ್ತಾ, ಬಾಗಿಲು ಹಾಕು, ನಾಳೆ ಬೇಗ ಹೋಗಬೇಕು, ಇಷ್ಟೇ.

ಫೆಬ್ರವರಿಯಲ್ಲಿ ಆದದ್ದು ಇದು. ಆ ಕಣವನ್ನು ಕೂರಿಸಿದ್ದ ಬಿಲ್ಲೆಯ ಮೇಲ್ಮೈ ಹಳೆಯದಾಗಿ ಗೀರು ಬಿದ್ದಿತ್ತು. ಅದನ್ನು ತುಸು ಉಜ್ಜಿ, ಹೊಳಪು ಕೊಟ್ಟು, ಖನಿಜದಲ್ಲಿ ಏನೇನಿದೆ ಎಂದು ಅಳೆಯುವ ಯಂತ್ರದೊಳಗೆ ಇಟ್ಟ. ಉಜ್ಜಿದ್ದರಿಂದ ಕಣದ ಒಳಭಾಗ ಮೊದಲ ಸಲ ಹೊರಗೆ ಬಂದಿತ್ತು. ಸ್ಪಿನೆಲ್‌ನ ಮಧ್ಯೆ, ಕೂದಲಿಗಿಂತ ತೆಳುವಾದ ಒಂದು ಪದರ. ಅಳತೆ ನೋಡಿದ. ಅಭ್ರಕ. ಅಭ್ರಕ ಹುಟ್ಟಲು ನೀರು ಬೇಕು. ಈ ಬಗೆಯ ಅಭ್ರಕ ಕೊಂಡಪಲ್ಲಿಯ ಕಲ್ಲಿನಲ್ಲಿ ಬೇಕಾದಷ್ಟಿದೆ, ಆ ಚಂದ್ರನ ಮಣ್ಣಿನಲ್ಲಿ ಇರುವ ಮಾತೇ ಇಲ್ಲ. ಅವನು ಐದು ದಿನ ಬೇರೆ ಬೇರೆ ಬಿಂದುಗಳಲ್ಲಿ ಅಳೆದ. ಕೊಂಡಪಲ್ಲಿಯ ಹಳೆಯ ಅಳತೆಗಳ ಪಕ್ಕದಲ್ಲಿಟ್ಟು ನೋಡಿದ. ಎರಡೂ ಒಂದೇ. ಆರನೆಯ ದಿನ ವಿಭಾಗದ ಮುಖ್ಯಸ್ಥ ರಾಮ್‌ಪ್ರಸಾದ್ ಅವರ ಕೋಣೆಗೆ ಹೋಗಿ ಕಾಗದಗಳನ್ನು ಮೇಜಿನ ಮೇಲಿಟ್ಟ.

ರಾಮ್‌ಪ್ರಸಾದ್ ಇಪ್ಪತ್ತೈದು ವರ್ಷದ ಒಡನಾಡಿ. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ಓದಿದರು.

"ಇದನ್ನು ಯಾರ್ಯಾರು ನೋಡಿದ್ದಾರೆ?"

"ನಾನು. ಈಗ ನೀವು."

"ಹಾಗಾದರೆ ಯಾರೂ ನೋಡಿಲ್ಲ ಅಂದುಕೊಳ್ಳಿ ಚಂದ್ರಹಾಸ್ ಗಾರು. ಇನ್ನು ಹದಿನಾಲ್ಕು ತಿಂಗಳಿಗೆ ನಿವೃತ್ತಿ. ಮರ್ಯಾದೆಯಿಂದ ಶಾಲು ಹೊದಿಸಿಕೊಂಡು ಮನೆಗೆ ಹೋಗಿ. ಬರೆಯಲೇಬೇಕು ಅನ್ನಿಸಿದರೆ ಆಮೇಲೆ ಬರೆಯಿರಿ."

"ಆಮೇಲೆ ಬರೆದರೆ ಇದು ಚಂದ್ರನದಾಗುತ್ತದೆಯೇ?"

"ಈಗ ಬರೆದರೂ ಆಗುವುದಿಲ್ಲವಲ್ಲ."

ಅದೂ ನಿಜವೇ ಎಂದು ಚಂದ್ರಹಾಸನಿಗೆ ಅನ್ನಿಸಿತು. ಸಿಟ್ಟು ಬರಲಿಲ್ಲ. ಕಾಗದಗಳನ್ನು ಜೋಡಿಸಿಕೊಂಡ.

"ಆ ಭ್ರಮರಾಂಬಳ ಬಗ್ಗೆ ಯೋಚನೆ ಮಾಡಿದಿರಾ? ಆಕೆಗೆ ವಿಜಯವಾಡದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದು ಈ ಒಂದು ಪೇಪರಿನ ಮೇಲೆ."

"ಅದಕ್ಕೇ ಹೋಗುತ್ತಿದ್ದೇನೆ. ಹಿಂತೆಗೆದುಕೊಳ್ಳಬೇಕಾದರೆ ಅವಳ ಸಹಿಯೂ ಬೇಕು."

ಆ ಸಂಜೆ ಊಟಕ್ಕೆ ಕೂತಾಗ ಪ್ರತೀಕ್ಷಾಳಿಗೂ ಹೇಳಿದ. ಅವಳು ಮೊಸರಿನ ಪಾತ್ರೆ ಕೈಯಲ್ಲಿ ಹಿಡಿದೇ ಕೇಳಿಸಿಕೊಂಡಳು.

"ಅಂಟೇ, ಅಂದ್ರೆ, ಅಮ್ಮನ ಹೆಸರೂ ಹೋಗುತ್ತಾ ಅಪ್ಪಾ?"

"ಲೇಖನ ಅಳಿಸುವುದಿಲ್ಲ. ಪ್ರತಿ ಪುಟದ ಮೇಲೂ ಹಿಂತೆಗೆದುಕೊಳ್ಳಲಾಗಿದೆ ಅಂತ ಕೆಂಪಕ್ಷರದಲ್ಲಿ ಓರೆಯಾಗಿ ಬರೆಯುತ್ತಾರೆ. ಕೊನೆಯ ಪುಟದ ಮೇಲೂ."

"ನಿಮಗೆ ಏನೂ ಅನ್ನಿಸ್ತಿಲ್ವಾ?"

"ಗೊತ್ತಿಲ್ಲ ಪ್ರತೀಕ್ಷಾ."

ಅವಳು ತೆಲುಗಿಗೆ ಹೊರಳಿದಳು. ಸಿಟ್ಟು ಬಂದಾಗ ಕನ್ನಡ ಅವಳಿಗೆ ಸಾಲುತ್ತಿರಲಿಲ್ಲ. ಅಮ್ಮ ಸತ್ತಾಗಲೂ ನೀವು ಹೀಗೇ ಕೂತಿದ್ದಿರಿ, ನಾನೊಬ್ಬಳೇ ಅತ್ತೆ, ಹತ್ತೊಂಬತ್ತು ವರ್ಷದವಳು, ಒಬ್ಬಳೇ, ಎಂದಳು. ಚಂದ್ರಹಾಸ ಹೌದು ಎಂದ. ಅವಳು ಮೊಸರು ಬಡಿಸಿ ಎದ್ದು ಹೋದಳು.

ಶನಿವಾರ ಬೆಳಗಿನ ರೈಲಿಗೆ ಹೊರಟ. ವಿಜಯವಾಡಕ್ಕೆ ಅವನು ಹೋಗದೆ ಐದಾರು ವರ್ಷವೇ ಆಗಿತ್ತು. ಭ್ರಮರಾಂಬಳ ಮನೆ ಮೊಗಲ್ರಾಜಪುರದಲ್ಲಿ, ಗುಹೆಗಳಿರುವ ಗುಡ್ಡದ ಕೆಳಗೆ, ಎರಡನೆಯ ಮಹಡಿಯಲ್ಲಿ. ಬಾಗಿಲು ತೆರೆದದ್ದು ಅವಳ ಅತ್ತೆ ಕೋಟೇಶ್ವರಮ್ಮ. ಸೊಸೆಯ ಗುರುಗಳು ಎಂದು ತಿಳಿದದ್ದೇ ತಡ, ಫ್ಯಾನು ಹಾಕಿ, ಮಜ್ಜಿಗೆ ಕೊಟ್ಟು, ಊಟ ಮಾಡದೆ ಹೋಗುವಂತಿಲ್ಲ ಎಂದು ತೀರ್ಮಾನವನ್ನೂ ಕೊಟ್ಟರು. ಗೋಡೆಯ ಮೇಲೆ ಭ್ರಮರಾಂಬ ಅವನ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೋ ಇತ್ತು. ಪ್ರಶಸ್ತಿ ಬಂದ ದಿನದ್ದು.

ಭ್ರಮರಾಂಬ ಮಧ್ಯಾಹ್ನದ ತರಗತಿ ಮುಗಿಸಿ ಬಂದಳು. ಕೂದಲು ಅಲ್ಲಲ್ಲಿ ನರೆತಿತ್ತು. ಚಂದ್ರಹಾಸ ಪೀಠಿಕೆ ಹಾಕದೆ ಕಾಗದ ಕೊಟ್ಟ. ಅವಳು ಮೊದಲ ಪುಟವನ್ನಷ್ಟೇ ನೋಡಿದಳು. ಉಳಿದದ್ದನ್ನು ತಿರುವಲಿಲ್ಲ. ಅತ್ತೆ ಅಡುಗೆಮನೆಗೆ ಹೋಗುವುದನ್ನೇ ಕಾದು, ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು:

"ಅಭ್ರಕ ಅಲ್ಲವೇ ಸರ್?"

"ಹೌದು. ಎರಡನೆಯ ಪುಟದಲ್ಲಿದೆ. ನೋಡದೆ ಹೇಗೆ ಗೊತ್ತಾಯಿತು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇಂಥದ್ದೇನಾದರೂ ಒಂದು ದಿನ ಬರುತ್ತದೆ ಅಂತ ಎಂಟು ವರ್ಷದಿಂದ ಕಾಯುತ್ತಿದ್ದೇನೆ ಸರ್. ಆ ದಿನ ನೀವು ಕುಂಚವನ್ನು ಬಲಗಡೆಯ ಮೇಜಿನಿಂದ ತೆಗೆದುಕೊಂಡಿರಿ."

"ಯಾವ ದಿನ?"

"ನಲವತ್ತೊಂದು ಸಿಕ್ಕಿದ ದಿನ. ನಾನು ಬಾಗಿಲ ಹತ್ತಿರ ಕೂತು ಲೇಬಲ್ ಬರೆಯುತ್ತಿದ್ದೆ. ಬಲಗಡೆ ಕೊಂಡಪಲ್ಲಿಯ ಪುಡಿಯ ಬಟ್ಟಲು ತೆರೆದಿತ್ತು. ನೀವು ಅಲ್ಲಿಂದ ಕುಂಚ ಎತ್ತಿಕೊಂಡು ಎಡಗಡೆಗೆ ಹೋಗಿ ಕೂತಿರಿ. ಸರ್ ಅಂತ ಕರೆಯೋಣ ಅಂತ ಎದ್ದೂ ಬಿಟ್ಟಿದ್ದೆ."

"ಯಾಕೆ ಕರೆಯಲಿಲ್ಲ?"

"ನೀವು ಬೆಳಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ. ಯಾರ ಹತ್ತಿರವೂ. ಆಮೇಲೆ ತೊಳೆದುಕೊಳ್ಳುತ್ತಾರೆ, ಆಮೇಲೆ ಹೇಳೋಣ ಅಂತ ಕೂತೆ. ಅಷ್ಟರಲ್ಲಿ ನೀವು 'ಭ್ರಮರಾ, ಇಲ್ಲಿ ನೋಡು' ಅಂದಿರಿ. ನಿಮ್ಮ ಧ್ವನಿ ಮೊದಲಿನ ಹಾಗೆ ಇತ್ತು ಸರ್. ಮೇಡಂ ಹೋದ ಮೇಲೆ ಅದೇ ಮೊದಲ ಸಲ." ಅವಳ ಕಣ್ಣು ತುಂಬಿತು. "ಹೇಗೆ ಹೇಳಲಿ? ಮಾರನೆಯ ದಿನ ಹೇಳೋಣ ಅಂದುಕೊಂಡೆ. ಆಮೇಲೆ ಪೇಪರ್ ಆಯಿತು. ಆಮೇಲೆ ನನಗೇ ಕೆಲಸ ಬಂತು. ಆಮೇಲೆ ಹೇಳುವುದು ಹೇಗೆ?"

ಚಂದ್ರಹಾಸ ಆ ದಿನವನ್ನು ನೆನಪಿಸಿಕೊಳ್ಳಲು ನೋಡಿದ. ಕುಂಚ ಇಲ್ಲ, ಬಟ್ಟಲು ಇಲ್ಲ, ಭ್ರಮರಾ ಎಂದು ಕರೆದದ್ದೂ ಇಲ್ಲ. ಆ ಇಡೀ ತಿಂಗಳೇ ಅವನ ತಲೆಯಲ್ಲಿ ಇರಲಿಲ್ಲ. ವೇದಿಕೆಗಳ ಮೇಲೆ ತಾನು ಎಷ್ಟೋ ಸಲ ವರ್ಣಿಸಿದ್ದ ಆ ಮಧ್ಯಾಹ್ನವನ್ನು ಆಮೇಲೆ ಟಿಪ್ಪಣಿ ಪುಸ್ತಕ ನೋಡಿ ಕಟ್ಟಿಕೊಂಡದ್ದು ಎಂಬುದು ಈಗ ತಿಳಿಯಿತು.

"ನನಗೆ ಸಿಟ್ಟಿಲ್ಲ" ಎಂದ. ಸಿಟ್ಟು ನಿಜಕ್ಕೂ ಇರಲಿಲ್ಲ. ಅವಳಿಗೆ ಅದು ಕ್ಷಮೆಯಂತೆ ಕೇಳಿಸಿರಬೇಕು, ಇನ್ನೂ ಹೆಚ್ಚು ಅತ್ತಳು.

ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಹೇಳಿದಳು: "ಆ ಬಟ್ಟಲಿನಲ್ಲಿದ್ದದ್ದು ನೀವು ಕೊನೆಯ ಸಲ ತಂದ ಕಲ್ಲು ಸರ್. ಮೇಡಂ ಜೊತೆಗೆ ಹೋಗಿದ್ದಿರಲ್ಲ, ಜುಲೈಯಲ್ಲಿ. ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ, ಅವರೇ ಕಳಿಸಿದ ಕಣ ಅದು ಅಂತ."

"ಹಾಗೆ ಹೇಳುವುದಕ್ಕೆ ಬರುವುದಿಲ್ಲ. ಆ ವರ್ಷ ಆರು ಚೀಲ ತಂದಿದ್ದೆ, ಕುಂಚ ಆರಕ್ಕೂ ಬಳಕೆಯಾಗಿದೆ. ಯಾವುದರದು ಅಂತ ಅಳತೆಯಲ್ಲಿ ತಿಳಿಯುವುದಿಲ್ಲ. ಕೊಂಡಪಲ್ಲಿಯದು ಅಂತ ಮಾತ್ರ ಬರೆಯಬಹುದು."

ಅವಳು ತಲೆ ಅಲ್ಲಾಡಿಸಿದಳು. ಅಷ್ಟು ಹೊತ್ತಿಗೆ ಕೋಟೇಶ್ವರಮ್ಮ ಎಲೆ ಹಾಕಿ ಕರೆದರು. ಹೀರೇಕಾಯಿ ಪಲ್ಯ, ಪಪ್ಪು ಎನ್ನುವ ತೊವ್ವೆ, ಗೋಂಗೂರ ಸೊಪ್ಪಿನ ಚಟ್ನಿ. ಇಬ್ಬರೂ ಕೂತು ಉಂಡರು. ಸೊಸೆಯ ಕಣ್ಣು ಕೆಂಪಾದದ್ದನ್ನು ನೋಡಿ ಆಕೆ ಏನಾಯಿತು ಎಂದು ಕೇಳಿದಾಗ, ಸರ್ ನಿವೃತ್ತರಾಗುತ್ತಿದ್ದಾರೆ ಅತ್ತಯ್ಯಾ, ಎಂದಳು ಭ್ರಮರಾಂಬ.

ಊಟವಾದ ಮೇಲೆ ಅವನು ಬರೆದುಕೊಂಡು ಬಂದಿದ್ದ ಪತ್ರ ತೆಗೆದ. ತಪ್ಪು ಸಂಪೂರ್ಣವಾಗಿ ಮೊದಲ ಲೇಖಕನದು, ಎರಡನೆಯ ಲೇಖಕಿಗೆ ಇದರ ಅರಿವಿರಲಿಲ್ಲ ಎಂದು ಅದರಲ್ಲಿತ್ತು. ಭ್ರಮರಾಂಬ ಓದಿ, ಪೆನ್ನು ತೆಗೆದು, ಕೊನೆಯ ವಾಕ್ಯವನ್ನು ಹೊಡೆದುಹಾಕಿದಳು.

"ಬೇಡ" ಎಂದ ಚಂದ್ರಹಾಸ. "ಅಭ್ರಕ ಒಂದೇ ಸಾಕು. ನೀನು ನೋಡಿದ್ದನ್ನು ಬರೆಯುವ ಅಗತ್ಯವೇ ಇಲ್ಲ. ಕೆಲಸಕ್ಕೆ ಸಂಚಕಾರ ತಂದುಕೊಳ್ಳಬೇಡ."

"ನನಗೆ ಅರಿವಿತ್ತು ಸರ್. ಇನ್ನೊಂದು ಸುಳ್ಳನ್ನು ಎಲ್ಲಿ ಇಟ್ಟುಕೊಳ್ಳಲಿ?"

ಅಂಚಿನಲ್ಲಿ ತನ್ನ ಮುದ್ದಾದ ಅಕ್ಷರದಲ್ಲಿ ಎರಡು ಸಾಲು ಬರೆದಳು. ಕಣ ಆರಿಸಿದ ದಿನ ಬೇರೆ ಮೇಜಿನ ಕುಂಚ ಬಳಕೆಯಾದದ್ದನ್ನು ನಾನು ಕಂಡಿದ್ದೆ, ತಿಳಿಸಲಿಲ್ಲ. ಸಹಿ ಹಾಕಿ ಕೊಟ್ಟಳು. ಅವನು ಅದನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡು ಸಂಜೆಯ ರೈಲು ಹಿಡಿದ.

ಪತ್ರಿಕೆಯವರು ಜೂನ್ ತಿಂಗಳಲ್ಲಿ ಪ್ರಕಟಣೆ ಹಾಕಿದರು. ಆರು ಸಾಲು. ಸಮಿತಿಗಳು ಒಂದೊಂದಾಗಿ ಅವನ ಹೆಸರು ಕೈಬಿಟ್ಟವು. ಕೆಲವರು ಫೋನ್ ಮಾಡಿ ನಿಮ್ಮ ಪ್ರಾಮಾಣಿಕತೆ ದೊಡ್ಡದು ಎಂದರು, ಹೆಚ್ಚಿನವರು ಫೋನ್ ಮಾಡಲಿಲ್ಲ. ಭ್ರಮರಾಂಬಳ ಕಾಲೇಜಿನವರು ವಿಚಾರಣೆ ಇಟ್ಟುಕೊಂಡರು. ಚಂದ್ರಹಾಸ ಎರಡು ಸಲ ವಿಜಯವಾಡಕ್ಕೆ ಹೋಗಿ, ಗುರುವಿನ ಎದುರು ಮಾತಾಡಲಾಗದ ಸ್ಥಿತಿ ತಂದಿಟ್ಟವನು ನಾನೇ ಎಂದು ಹೇಳಿಕೆ ಕೊಟ್ಟ. ಅವಳ ಬಡ್ತಿ ಎರಡು ವರ್ಷ ಮುಂದಕ್ಕೆ ಹೋಯಿತು, ಕೆಲಸ ಉಳಿಯಿತು. ಚಂದ್ರನ ಮಣ್ಣನ್ನು ಹಿಂದಕ್ಕೆ ಕೇಳಿದರು. ಅವನು ಉಳಿದದ್ದನ್ನೆಲ್ಲ ತೂಗಿ, ಶೀಶೆಗೆ ಮೊಹರು ಹಾಕಿ, ಕಳಿಸಿಕೊಟ್ಟ. ನಲವತ್ತೊಂದನೆಯ ಕಣವನ್ನು ಅವರಿಗೆ ಕಳಿಸುವ ಹಾಗಿರಲಿಲ್ಲ. ಕೊಂಡಪಲ್ಲಿಯ ಕಲ್ಲುಗಳ ಬೀರುವಿನಲ್ಲಿ ಅದಕ್ಕೊಂದು ಹೊಸ ಸಂಖ್ಯೆ ಕೊಟ್ಟು ಇಟ್ಟ.

ಎಡಗಡೆಯ ಮೇಜನ್ನು ರಾಮ್‌ಪ್ರಸಾದ್ ಬೇರೆಯವರಿಗೆ ಕೊಟ್ಟರು. ಉಳಿದ ತಿಂಗಳುಗಳಿಗೆ ಅವನ ಪಾಲಿಗೆ ಬಂದದ್ದು ಮೊದಲ ವರ್ಷದ ತರಗತಿ.

ಡಿಸೆಂಬರಿನಲ್ಲಿ ಆ ಮಕ್ಕಳನ್ನು ಕರೆದುಕೊಂಡು ಭೀಮುನಿಪಟ್ಟಣದ ದಾರಿಯ ಕೆಂಪು ಮರಳಿನ ದಿಬ್ಬಗಳಿಗೆ ಹೋದ. ಇಪ್ಪತ್ತೆರಡು ಜನ. ಮರಳು ಹೇಗೆ ಕೆಂಪಾಯಿತು ಎಂಬುದನ್ನು ಹೇಳಿ ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕೈಯೆತ್ತಿದಳು. ಪಕ್ಕದವಳು ಅವಳ ಕೈ ಕೆಳಗೆ ಎಳೆದರೂ ಬಿಡಲಿಲ್ಲ.

"ಸರ್, ಆ ಚಂದ್ರನ ಕಣದ ವಿಷಯ... ಅದು ಹೇಗೆ ತಪ್ಪಾಯಿತು?"

ಚಂದ್ರಹಾಸ ಒಂದು ದಿಬ್ಬದ ಅಂಚಿಗೆ ಕೂತ. ಮೊದಲಿನಿಂದ ಹೇಳಿದ. ಎರಡು ಮೇಜು, ಗೋಡೆಯ ನಿಯಮ, ಕುಂಚ, ತೆರೆದಿಟ್ಟ ಬಟ್ಟಲು, ಹೇಳಲು ಎದ್ದು ಮತ್ತೆ ಕೂತ ವಿದ್ಯಾರ್ಥಿನಿ. ಹೆಂಡತಿ ಸತ್ತ ಹದಿನಾಲ್ಕನೆಯ ದಿನ ತಾನು ಅಲ್ಲಿ ಕೂರಲೇಬಾರದಿತ್ತು ಎಂಬುದನ್ನೂ ಹೇಳಿದ. ಮುಕ್ಕಾಲು ಗಂಟೆ ಆಯಿತು. ಕೆಲವರು ಬರೆದುಕೊಂಡರು.

"ತಪ್ಪು ಅಂತ ಗೊತ್ತಾದಾಗ ನಿಮಗೆ ಹೇಗನ್ನಿಸಿತು ಸರ್?" ಅದೇ ಹುಡುಗಿ ಕೇಳಿದಳು.

ಅವನು ಯೋಚಿಸಿದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಆಗ ಏನೂ ಅನ್ನಿಸಲಿಲ್ಲ" ಎಂದ. "ಈಗ ನಾಚಿಕೆಯಾಗುತ್ತಿದೆ."

ಬಾಯಿಂದ ಬಂದ ಮೇಲೆ ಅದು ನಿಜವೆಂದು ಗೊತ್ತಾಯಿತು. ಕಿವಿಗಳು ಬಿಸಿಯಾಗಿದ್ದವು. ಹುಡುಗಿ ಇನ್ನೇನು ಕೇಳಬೇಕೆಂದು ತಿಳಿಯದೆ ಥ್ಯಾಂಕ್ಯೂ ಸರ್ ಎಂದಳು. ಕೆಳಗೆ ರಸ್ತೆಯಲ್ಲಿ ಬಸ್ಸಿನವನು ಹಾರನ್ ಬಾರಿಸಿದ. ಮಕ್ಕಳು ಚಪ್ಪಲಿ ಕೊಡವಿಕೊಂಡು ಇಳಿಯತೊಡಗಿದರು. ಚಂದ್ರಹಾಸ ಏಳಲು ಹೋದಾಗ ಮಂಡಿ ಹಿಡಿದುಕೊಂಡಿತು. ಆ ಹುಡುಗಿ ಕೈ ಕೊಟ್ಟಳು, ಅವನು ಹಿಡಿದುಕೊಂಡು ಎದ್ದ.